ಆಫ್ರಿಕಾದ ಹಳ್ಳಿಗೆ ಹೊಸ ಸೊಸೆಯಂತೆ ಹೋಗಿ!

ಮಕ್ಕಳು ಓದು, ಕೆಲಸ, ಮದುವೆ ಅಂತ ಗೂಡು ಬಿಟ್ಟು ಹಾರಿದ್ದಾಯ್ತು. ಯಜಮಾನರಿಗೆ ನಿವೃತ್ತಿಯೂ ಆಯ್ತು. ಬೆಳಗಿನ ಕಾಫಿ, ಪೇಪರ್, ವಾಕಿಂಗ್ ಮುಗಿದರೆ ಉಳಿದ ದಿನವೆಲ್ಲ ಖಾಲಿ ಖಾಲಿ. ‘ಎಲ್ಲಾದರೂ ಹೋಗಿ ನಾಲ್ಕು ಜನಕ್ಕೆ ಉಪಯೋಗ ಆಗೋ ಕೆಲಸ ಮಾಡೋಣ’ ಅಂತ ಎಷ್ಟೋ ಮನೆಗಳಲ್ಲಿ ಮಾತು ಬರುವುದು ಆಗಲೇ. ನಮ್ಮ ಮನೆಯಲ್ಲೂ ಬಂತು. ಸೇವಾ ಸಂಸ್ಥೆಯೊಂದರ ಮೂಲಕ ನಾನು ಮತ್ತು ನಮ್ಮವರು ಪೂರ್ವ ಆಫ್ರಿಕಾದ ಉಗಾಂಡದ ಹಳ್ಳಿಯೊಂದರಲ್ಲಿ ಆರು ತಿಂಗಳು ಇದ್ದು ಬಂದೆವು.

ಹೊರಡುವ ಸುದ್ದಿ ಕೇಳಿ ‘ಅಯ್ಯೋ, ಆಫ್ರಿಕಾನಾ? ಅಲ್ಲಿ ಸಿಂಹ ಇರಲ್ವಾ?’ ಅಂದವರು ಕೆಲವರು. ‘ನಿಮ್ಮ ಯಜಮಾನರು ಲೆಕ್ಕದ ಮೇಷ್ಟ್ರು, ಪಾಠ ಮಾಡ್ತಾರೆ. ನೀವು ಹೋಗಿ ಏನ್ರೀ ಮಾಡ್ತೀರಿ?’ ಅಂದವರು ಹಲವರು. ಮೊದಲ ಪ್ರಶ್ನೆಗೆ ನಕ್ಕೆ. ಎರಡನೆಯದು ಚುಚ್ಚಿತು. ಹೌದಲ್ವಾ, ಇಷ್ಟು ವರ್ಷ ಮನೆ ನಡೆಸಿದ್ದು ಬಿಟ್ಟರೆ ನನಗೇನು ಗೊತ್ತು?

ಹೋದ ಮೇಲೆ ಗೊತ್ತಾಯಿತು. ಗೊತ್ತಿಲ್ಲದ ಜನರ ನಡುವೆ ಹೋಗಿ ಹೊಂದಿಕೊಳ್ಳುವ ವಿದ್ಯೆಯಲ್ಲಿ ನಮ್ಮಷ್ಟು ಪಳಗಿದವರು ಬೇರೆ ಯಾರೂ ಇಲ್ಲ! ಮದುವೆಯಾಗಿ ಅತ್ತೆಮನೆಗೆ ಕಾಲಿಟ್ಟ ದಿನ ನೆನಪಿಸಿಕೊಳ್ಳಿ. ನೀರು ಎಷ್ಟು ಹೊತ್ತಿಗೆ ಬರುತ್ತೆ, ಯಾರಿಗೆ ಮೊದಲು ಬಡಿಸಬೇಕು, ಯಾವ ಮಾತು ಯಾರೆದುರು ಆಡಬಾರದು... ಎಲ್ಲವನ್ನೂ ನೋಡಿ, ಕೇಳಿ, ಸುಮ್ಮನಿದ್ದು ಕಲಿತೆವಲ್ಲ. ಹಳ್ಳಿಗೆ ಸೇವೆ ಮಾಡಲು ಹೋಗುವವರು ಮೊದಲು ಮಾಡಬೇಕಾದ್ದೂ ಅದೇ. ಅದನ್ನು ಮರೆತು ನಾನೊಂದು ದೊಡ್ಡ ತಪ್ಪು ಮಾಡಿದೆ. ಅದನ್ನೂ ಮುಚ್ಚಿಡದೆ ಹೇಳುತ್ತೇನೆ.

ಎಲ್ಲಿದೆ ಈ ಊರು?

ಉಗಾಂಡದ ರಾಜಧಾನಿ ಕಂಪಾಲಾದಿಂದ ಈಶಾನ್ಯಕ್ಕೆ ಸುಮಾರು 300 ಕಿ.ಮೀ. ಹೋದರೆ ಸೊರೋಟಿ ಪಟ್ಟಣ ಸಿಗುತ್ತದೆ. ಅದರ ಸುತ್ತಮುತ್ತಲಿನ ಸೀಮೆಗೆ ಟೆಸೊ ಎಂದು ಹೆಸರು. ಜನರ ಮಾತು ಅಟೆಸೊ. ಉಗಾಂಡದ ಆಡಳಿತ ಭಾಷೆ ಇಂಗ್ಲಿಷ್ ಆದ್ದರಿಂದ ಶಾಲೆಗೆ ಹೋದವರ ಜತೆ ನಮ್ಮ ಅರೆಬರೆ ಇಂಗ್ಲಿಷ್ ನಡೆಯುತ್ತದೆ. ಬಯಲು ನೆಲ, ಎತ್ತಿನ ಬೇಸಾಯ, ದನಕರು. ಹುಲ್ಲು ಹೊದಿಸಿದ ದುಂಡು ಗುಡಿಸಲುಗಳು, ಪಕ್ಕದಲ್ಲಿ ಧಾನ್ಯದ ಕಣಜ. ಬೆಳಗಾದರೆ ಹೆಂಗಸರು ಅಂಗಳ ಗುಡಿಸುತ್ತಾರೆ. ನೆಲಕ್ಕೆ ಸಗಣಿ ಸಾರಿಸುತ್ತಾರೆ. ರಂಗೋಲಿ ಒಂದು ಇಲ್ಲ, ಅಷ್ಟೇ. ಮೊದಲ ಬೆಳಗ್ಗೆ ಅದನ್ನು ನೋಡುತ್ತಾ ನಿಂತವಳಿಗೆ ನಮ್ಮಜ್ಜಿಯ ಮನೆ ನೆನಪಾಗಿ ಗಂಟಲು ಕಟ್ಟಿತು.

ಹಾಗಂತ ಎಲ್ಲಾ ಸುಖವೇನಲ್ಲ. ಈ ಸೀಮೆ 1980ರ ದಶಕದ ಕೊನೆಯಲ್ಲಿ ಬಂಡಾಯ ಮತ್ತು ದನಗಳ ಲೂಟಿಯಿಂದ ನಲುಗಿತ್ತು. 2003ರಲ್ಲಿ ಬಂಡುಕೋರರ ದಾಳಿಗೆ ಮತ್ತೆ ತುತ್ತಾಯಿತು. ನಡುವಯಸ್ಸು ದಾಟಿದ ಯಾರ ಮನೆಯಲ್ಲೂ ಒಂದು ನೋವಿನ ಕಥೆ ಇರುತ್ತದೆ. ಅವರಾಗಿಯೇ ಹೇಳಿದರೆ ಕೇಳಿ. ಕೆದಕಿ ಕೇಳಬೇಡಿ.

ಹೊರಡುವ ಮುನ್ನ

ಸೂಟ್‌ಕೇಸ್ ತುಂಬುವ ಮೊದಲು ಮಾಡಬೇಕಾದ ಕೆಲಸಗಳಿವೆ.

* ಹಳದಿ ಜ್ವರದ ಲಸಿಕೆ: ಇದು ಕಾಮಾಲೆ ಅಲ್ಲ, ಸೊಳ್ಳೆಯಿಂದ ಹರಡುವ ಬೇರೆಯೇ ಕಾಯಿಲೆ. ಉಗಾಂಡ ಪ್ರವೇಶಕ್ಕೆ ಈ ಲಸಿಕೆಯ ಪ್ರಮಾಣಪತ್ರ ಬೇಕು. ವಾಪಸು ಬರುವಾಗ ನಮ್ಮ ದೇಶದಲ್ಲೂ ಕೇಳುತ್ತಾರೆ, ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಸರಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ ಹಾಕಿಸಿ, ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮುಂಚೆ. 2016ರಿಂದ ಈ ಪ್ರಮಾಣಪತ್ರ ಜೀವನಪೂರ್ತಿ ಊರ್ಜಿತ. ಅರವತ್ತು ದಾಟಿದವರು, ಬೇರೆ ಕಾಯಿಲೆ ಇರುವವರು ಮೊದಲೇ ವೈದ್ಯರ ಸಲಹೆ ಪಡೆಯಲೇಬೇಕು.

* ಮಲೇರಿಯಾ: ಅಲ್ಲಿ ವರ್ಷವಿಡೀ ಮಲೇರಿಯಾ ಉಂಟು. ತಡೆಗಟ್ಟುವ ಮಾತ್ರೆ ಯಾವುದು, ಎಂದಿನಿಂದ ಎಂದಿನವರೆಗೆ ಎಂದು ವೈದ್ಯರನ್ನು ಕೇಳಿ. ಊರಿಗೆ ಬಂದ ಮೇಲೂ ಹೇಳಿದಷ್ಟು ದಿನ ನುಂಗಬೇಕು. ಔಷಧಿ ಲೇಪಿಸಿದ ಸೊಳ್ಳೆಪರದೆ ಒಳಗೇ ಮಲಗಿ.

* ನಿಮ್ಮ ಮಾಮೂಲಿ ಔಷಧಿ: ಬಿಪಿ, ಸಕ್ಕರೆ, ಥೈರಾಯ್ಡ್ ಮಾತ್ರೆಗಳು ಪೂರ್ತಿ ಅವಧಿಗೆ ಸಾಲುವಷ್ಟು ಇರಲಿ. ವೈದ್ಯರ ಚೀಟಿಯೂ ಜತೆಗಿರಲಿ. ಕೈಚೀಲದಲ್ಲೇ ಇಟ್ಟುಕೊಳ್ಳಿ.

* ವೀಸಾ: ಪ್ರವಾಸಿ ವೀಸಾದಲ್ಲಿ ಹೋಗಿ ಕೆಲಸ ಮಾಡಬಹುದು ಅಂದುಕೊಳ್ಳಬೇಡಿ. ಸಂಬಳ ಇಲ್ಲದ ಸೇವೆಗೂ ಯಾವ ಪರವಾನಗಿ ಬೇಕು ಎಂದು ಕರೆಸಿಕೊಳ್ಳುವ ಸಂಸ್ಥೆಯಿಂದ ಬರಹದಲ್ಲಿ ಕೇಳಿ ಪಡೆಯಿರಿ.

* ಆರೋಗ್ಯ ಸೂಚನೆ: ಉಗಾಂಡದಲ್ಲಿ 2022ರಲ್ಲಿ, ಮತ್ತೆ 2025ರಲ್ಲಿ ಎಬೋಲಾ ಕಾಣಿಸಿಕೊಂಡು ಹತೋಟಿಗೆ ಬಂತು. ಟಿಕೆಟ್ ಮಾಡಿಸುವ ಮುನ್ನ ಆರೋಗ್ಯ ಇಲಾಖೆಯ ಸೂಚನೆ ನೋಡಿಕೊಳ್ಳಿ.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು. ‘ಅಲ್ಲಿ ನನ್ನ ಕೆಲಸ ಏನು?’ ಅಂತ ಹೊರಡುವ ಮೊದಲೇ ಕೇಳಿ. ಯಜಮಾನರ ಕೆಲಸವನ್ನು ಬರೆದು ಕೊಟ್ಟ ಸಂಸ್ಥೆಯವರು ನನ್ನ ಹೆಸರಿನ ಮುಂದೆ ‘ಜತೆಗೆ ಬರುವವರು’ ಅಂತ ಬರೆದಿದ್ದರು. ಸಂಕೋಚಕ್ಕೆ ನಾನು ಕೇಳಲಿಲ್ಲ. ಕೆಲಸವಿಲ್ಲದ ಕೈ ಸಿಕ್ಕಸಿಕ್ಕದ್ದಕ್ಕೆ ಹೋಗುತ್ತದೆ. ಆಮೇಲಿನ ನನ್ನ ಎಡವಟ್ಟುಗಳ ಬೇರು ಅಲ್ಲೇ ಇತ್ತು.

ಮೊದಲ ಭೇಟಿ ಊರ ಅಧ್ಯಕ್ಷರಿಗೆ

ಉಗಾಂಡದ ಪ್ರತಿ ಹಳ್ಳಿಗೂ ಒಂದು ಸ್ಥಳೀಯ ಸಮಿತಿ ಇರುತ್ತದೆ. ಅದರ ಅಧ್ಯಕ್ಷರನ್ನು ‘ಎಲ್‌ಸಿ ಒನ್ ಚೇರ್ಮನ್’ ಅಂತಾರೆ. ಯಾರು ಬಂದರು, ಯಾರ ಮನೆಯಲ್ಲಿದ್ದಾರೆ, ಯಾಕೆ ಬಂದಿದ್ದಾರೆ ಎಂದು ಅವರಿಗೆ ಗೊತ್ತಿರಬೇಕು. ಬಂದ ಮರುದಿನವೇ ಸಂಸ್ಥೆಯ ಪತ್ರ ಹಿಡಿದು ಅವರನ್ನು ಕಂಡು ಬನ್ನಿ. ಹೊಸ ಮನೆಗೆ ಬಂದವರು ಮೊದಲು ಹಿರಿಯರಿಗೆ ನಮಸ್ಕಾರ ಮಾಡುವುದಿಲ್ಲವೇ, ಹಾಗೆ. ಆಮೇಲೆ ದಾರಿಯಲ್ಲಿ ಯಾರು ಏನು ಕೇಳಿದರೂ ‘ಚೇರ್ಮನ್‌ಗೆ ಗೊತ್ತು’ ಎನ್ನುವ ಒಂದು ಮಾತು ನಿಮ್ಮನ್ನು ಕಾಯುತ್ತದೆ.

ನಾವು ಭಾರತೀಯರು ಅಲ್ಲಿ ಅಪರಿಚಿತರೇನಲ್ಲ, ಗೊತ್ತಾ? 1896ರಿಂದ 1901ರವರೆಗೆ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗೆ ‘ಉಗಾಂಡ ರೈಲ್ವೆ’ ಹಾಕಲು ಬ್ರಿಟಿಷರು ನಮ್ಮ ದೇಶದಿಂದ 30 ಸಾವಿರಕ್ಕೂ ಹೆಚ್ಚು ಕೂಲಿಗಳನ್ನು ಕರೆದೊಯ್ದಿದ್ದರು. ಗುಜರಾತಿಗಳ ಅಂಗಡಿಗಳು ಒಳನಾಡಿನ ಪೇಟೆಗಳನ್ನೆಲ್ಲ ತಲುಪಿದ್ದವು. 1972ರಲ್ಲಿ ಇದಿ ಅಮೀನ್ 90 ದಿನಗಳ ಗಡುವು ಕೊಟ್ಟು ಏಷ್ಯಾದವರನ್ನೆಲ್ಲ ಹೊರಗಟ್ಟಿದ. ಆಮೇಲಿನ ಸರಕಾರ ಮತ್ತೆ ಕರೆಯಿತು. ಹೀಗಾಗಿ ಹಳ್ಳಿಯವರ ಕಣ್ಣಿಗೆ ಭಾರತೀಯರು ಅಂದರೆ ಅಂಗಡಿ ಇಟ್ಟವರು, ದುಡ್ಡಿರುವವರು. ‘ನೀವು ಯಾವ ಅಂಗಡಿ ತೆರೀತೀರಿ?’ ಎಂದು ನನ್ನನ್ನೇ ನಾಲ್ಕು ಜನ ಕೇಳಿದರು! ಬೇಸರ ಮಾಡಿಕೊಳ್ಳಬೇಡಿ. ಅವರು ಕಂಡದ್ದು ಅದು. ನೀವು ಬೇರೆ ಎಂದು ಬಾಯಿಂದ ಹೇಳಿದರೆ ಸಾಲದು, ದಿನ ಕಳೆದ ಹಾಗೆ ಅವರಿಗೇ ಕಾಣಬೇಕು.

‘ಯೋಗಾ’ ಅಂದರೆ ಆಸನವಲ್ಲ!

ಮೊದಲ ದಿನ ಎದುರಾದವರೆಲ್ಲ ‘ಯೋಗಾ, ಯೋಗಾ’ ಅನ್ನುತ್ತಿದ್ದರು. ಭಾರತದಿಂದ ಬಂದವರು ಅಂತ ನಮ್ಮ ಯೋಗಾಸನದ ಬಗ್ಗೆ ಕೇಳುತ್ತಿದ್ದಾರೆ ಅಂದುಕೊಂಡು ನಮ್ಮವರು ಹೆಮ್ಮೆಯಿಂದ ತಲೆಯಾಡಿಸಿದ್ದೇ ಆಡಿಸಿದ್ದು. ಆಮೇಲೆ ತಿಳಿಯಿತು, ಅಟೆಸೊ ಮಾತಿನಲ್ಲಿ ‘ಯೋಗಾ’ ಅಂದರೆ ನಮಸ್ಕಾರ! ‘ಎಯಲಾಮ’ ಅಂದರೆ ಧನ್ಯವಾದ. ಈ ಎರಡು ಪದ ಕಲಿತು ಹೋದರೆ ಅರ್ಧ ಊರು ನಿಮ್ಮದು.

ಅಲ್ಲಿ ನಮಸ್ಕಾರ ಮಾಡದೆ ನೇರ ವಿಷಯಕ್ಕೆ ಬರುವುದು ಒರಟುತನ. ಉಪ್ಪು ಕೇಳಲು ಹೋದರೂ ಮೊದಲು ನಮಸ್ಕಾರ, ರಾತ್ರಿ ನಿದ್ದೆ ಬಂತಾ, ಮಕ್ಕಳು ಹೇಗಿದ್ದಾರೆ, ಆಮೇಲೆ ಉಪ್ಪು. ಬೆಂಗಳೂರಿನ ಫ್ಲ್ಯಾಟ್‌ನಲ್ಲಿ ಲಿಫ್ಟ್ ಒಳಗೆ ಮುಖ ತಿರುಗಿಸಿ ನಿಲ್ಲುವ ನಮಗೆ ಇದು ಮೊದಮೊದಲು ಕಷ್ಟ. ಆಮೇಲೆ ಅದಿಲ್ಲದೆ ಇರಲಾಗುವುದಿಲ್ಲ.

ಇನ್ನೊಂದು ಮಾತು. ಹೆಣ್ಣುಮಕ್ಕಳು ಹಿರಿಯರಿಗೆ ಮಂಡಿಯೂರಿ ನಮಸ್ಕರಿಸುತ್ತಾರೆ, ಮಂಡಿಯೂರಿಯೇ ಕೈಗೆ ನೀರು ಹಾಕುತ್ತಾರೆ. ಮನೆಯೊಡತಿಯ ಮಗಳು ಹಾಗೆ ಮಾಡಿದಾಗ ನಾನು ‘ಬೇಡಮ್ಮಾ ಬೇಡ’ ಎಂದು ಅವಳನ್ನು ಎಬ್ಬಿಸಲು ಹೋದೆ. ಹುಡುಗಿಯ ಮುಖ ಚಿಕ್ಕದಾಯಿತು. ನಮ್ಮ ಮನೆಯಲ್ಲಿ ಕಾಲಿಗೆ ಬಿದ್ದವರನ್ನು ತಳ್ಳಿದರೆ ಹೇಗಿರುತ್ತೆ? ಅದರ ಸರಿತಪ್ಪು ಚರ್ಚಿಸುವವರು ಆ ಊರಲ್ಲೇ ಇದ್ದಾರೆ, ಅದು ಅವರ ಮಾತು. ನಮಸ್ಕಾರವನ್ನು ಮನಸಾರೆ ಸ್ವೀಕರಿಸುವುದಷ್ಟೇ ಅತಿಥಿಯ ಕೆಲಸ.

ಉಡುಪು? ಮಂಡಿ ಕೆಳಗೆ ಬರುವ ಲಂಗ, ಸಡಿಲ ಚೂಡಿದಾರ್ ಸಾಕು. ಮದುವೆ, ಚರ್ಚಿನ ದಿನ ಅಲ್ಲಿನ ಹೆಂಗಸರು ‘ಗೊಮೆಸಿ’ ಎಂಬ ಉದ್ದನೆಯ ಉಡುಪು ತೊಡುತ್ತಾರೆ. ಎತ್ತಿದ ಭುಜ, ನಡುವಿಗೆ ಅಗಲವಾದ ಪಟ್ಟಿ. ಸುಮಾರು 1905ರಲ್ಲಿ ಇದನ್ನು ಹೊಲಿದವರು ಗೋವಾದಿಂದ ಹೋದ ಗೋಮ್ಸ್ ಎಂಬ ದರ್ಜಿ, ಹೆಸರೂ ಅವರದೇ. ಒಂದು ಗೊಮೆಸಿ ಹೊಲಿಸಿಕೊಂಡು ಉಟ್ಟೆ ನೋಡಿ, ಆವತ್ತಿನಿಂದ ನಾನು ‘ತೋತೋ’ ಆದೆ. ಅಟೆಸೊದಲ್ಲಿ ತೋತೋ ಅಂದರೆ ಅಮ್ಮ.

ನೀರು, ಒಲೆ, ಬಚ್ಚಲು

ಗೃಹಿಣಿಯರಿಗೆ ನಿಜವಾದ ಪ್ರಶ್ನೆ ಇವೇ ಅಲ್ವಾ?

ನೀರು ಕೊಳವೆಬಾವಿಯ ಕೈಪಂಪಿನಿಂದ ಬರುತ್ತದೆ. ಹಳದಿ ಬಣ್ಣದ 20 ಲೀಟರ್ ಕ್ಯಾನ್, ತುಂಬಿದರೆ 20 ಕೆ.ಜಿ. ಹೆಂಗಸರು, ಮಕ್ಕಳು ಅದನ್ನು ತಲೆ ಮೇಲೆ ಹೊತ್ತು ತರುತ್ತಾರೆ. ನಾವಿಬ್ಬರು ಸ್ನಾನ, ಅಡುಗೆ, ಪಾತ್ರೆ ಎಲ್ಲಾ ಸೇರಿ ಎರಡು ಕ್ಯಾನಿನಲ್ಲಿ ದಿನ ಕಳೆಯುವುದನ್ನು ಕಲಿತೆವು. ಅಕ್ಕಿ ತೊಳೆದ ನೀರು ಪಾತ್ರೆಗೆ, ಪಾತ್ರೆ ತೊಳೆದ ನೀರು ಗಿಡಕ್ಕೆ. ನಿಮ್ಮ ಬದಲು ಇನ್ನೊಬ್ಬರು ನೀರು ಹೊರುತ್ತಾರಾದರೆ ಅದಕ್ಕೆ ಕೂಲಿ ಎಷ್ಟು ಎಂದು ಮನೆಯೊಡತಿಯನ್ನು ಕೇಳಿ ಗೊತ್ತು ಮಾಡಿಕೊಳ್ಳಿ. ಕುಡಿಯುವ ನೀರನ್ನು ಕುದಿಸಿ, ಮುಚ್ಚಿಡಿ.

ಒಲೆ ಮೂರು ಕಲ್ಲಿನದು, ಇಲ್ಲವೇ ಇದ್ದಿಲಿನದು. ಇದ್ದಿಲ ಒಲೆಯನ್ನು ಉಗಾಂಡದಲ್ಲಿ ‘ಸಿಗಿರಿ’ ಅಂತಾರೆ, ನಮ್ಮ ಉತ್ತರದವರ ಸಿಗಡಿ ನೆನಪಾಗುತ್ತದೆ. ಚಪಾತಿಗೆ ಅಲ್ಲೂ ಚಪಾತಿಯೇ! ಒಲೆಯನ್ನು ಗುಡಿಸಲ ಒಳಗೆ ಬಾಗಿಲು ಹಾಕಿಕೊಂಡು ಮಾತ್ರ ಉರಿಸಬೇಡಿ. ಇದ್ದಿಲ ಹೊಗೆ ಕಣ್ಣಿಗೆ ಕಾಣದು, ಪ್ರಾಣ ತೆಗೆಯುತ್ತದೆ.

ಬಚ್ಚಲು ಅಂದರೆ ಹುಲ್ಲಿನ ಮರೆ, ಮೇಲೆ ಆಕಾಶ. ಪಾಯಿಖಾನೆ ಮನೆಯಿಂದ ದೂರದ ಗುಂಡಿ. ಮಂಡಿ ನೋವಿರುವವರು ಮೊದಲೇ ಹೇಳಿದರೆ ಕೂರಲು ಮರದ ಪೀಠ ಮಾಡಿಸಬಹುದು. ರಾತ್ರಿ ಟಾರ್ಚ್ ಇಲ್ಲದೆ, ಚಪ್ಪಲಿ ಇಲ್ಲದೆ ಹೊರಗೆ ಕಾಲಿಡಬೇಡಿ. ಹಾವಿನ ಭಯ ಒಂದಾದರೆ, ಬರಿಗಾಲಿನ ಚರ್ಮದೊಳಗೆ ಹೊಕ್ಕುವ ಚಿಗಟ ಇನ್ನೊಂದು. ಹೊರಗೆ ಒಣಗಿಸಿದ ಬಟ್ಟೆಯಲ್ಲಿ ಒಂದು ಜಾತಿಯ ನೊಣ ಮೊಟ್ಟೆ ಇಡುವುದುಂಟು, ಅದರ ಮರಿ ಚರ್ಮ ಹೊಕ್ಕು ಕುರುವಾಗುತ್ತದೆ. ಒಳಉಡುಪಿಗೂ ಬಿಸಿ ಇಸ್ತ್ರಿ ಹಾಕಿ. ಇದ್ದಿಲಿನ ಇಸ್ತ್ರಿಪೆಟ್ಟಿಗೆ ಪೇಟೆಯಲ್ಲಿ ಸಿಗುತ್ತದೆ.

ಕರೆಂಟು ಇಲ್ಲದ ಮನೆಯಲ್ಲಿ ಸೌರ ದೀಪವೇ ಗತಿ. ಪೇಟೆಯ ಪ್ಲಗ್ಗು ಬ್ರಿಟಿಷ್ ಮಾದರಿಯ ಚೌಕಾಕಾರದ ಮೂರು ಕಡ್ಡಿಯದು, ಅಡಾಪ್ಟರ್ ಒಯ್ಯಿರಿ. ದುಡ್ಡಿಗೆ ಹೆದರಬೇಕಿಲ್ಲ. ಉಗಾಂಡದಲ್ಲಿ 2009ರಿಂದಲೇ ಮೊಬೈಲಿನಲ್ಲಿ ಹಣ ಕಳಿಸುವ ವ್ಯವಸ್ಥೆ ಇದೆ, ತರಕಾರಿ ಮಾರುವ ಅಜ್ಜಿಗೂ ಅದು ಗೊತ್ತು.

ರಾಗಿಯ ತವರುಮನೆ

ಊಟದ ಚಿಂತೆ ಬೇಡ. ಯಾಕೆ ಗೊತ್ತಾ? ನಾವು ‘ನಮ್ಮ ರಾಗಿ, ನಮ್ಮ ರಾಗಿ’ ಅಂತೀವಲ್ಲ, ಅದರ ತವರು ಪೂರ್ವ ಆಫ್ರಿಕಾದ ಎತ್ತರದ ನಾಡು. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ಹೊರಟು ನಮ್ಮ ಹೊಲಕ್ಕೆ ಬಂತು. ನಮ್ಮ ಸಾರಿನ ಹುಣಿಸೆಯೂ ಮೂಲತಃ ಆಫ್ರಿಕಾದ ಮರವೇ.

ಟೆಸೊ ಜನರ ದಿನದ ಊಟ ‘ಅತಾಪ್’. ರಾಗಿ ಹಿಟ್ಟು, ಮರಗೆಣಸಿನ ಹಿಟ್ಟು ಸೇರಿಸಿ, ಕುದಿಯುವ ನೀರಿಗೆ ಹಾಕಿ, ಕೋಲಿನಲ್ಲಿ ತಿರುವಿ ಮಾಡುವ ಮುದ್ದೆ. ಕೆಲವರು ಹುಣಿಸೆ ರಸವನ್ನೂ ಸೇರಿಸುತ್ತಾರೆ. ಜತೆಗೆ ಕಡಲೇಕಾಯಿ ಅರೆದ ಗೊಜ್ಜು, ಅಲಸಂದೆ ಸೊಪ್ಪು. ಒಂದೇ ತಟ್ಟೆಯಿಂದ ಎಲ್ಲರೂ ಮುರಿದು ತಿನ್ನುತ್ತಾರೆ. ನಾನು ಮುದ್ದೆ ತಿರುವಲು ಕೋಲು ಹಿಡಿದಾಗ ಸುತ್ತ ಕುಳಿತ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ತಿರುವಿ ಮುಗಿಸಿದಾಗ ನಗು ನಿಂತಿತು. ‘ನಿಮ್ಮೂರಲ್ಲೂ ಇದೆಯಾ?’ ಅಂತ ಮನೆಯೊಡತಿ ಕೇಳಿದಳು. ಇಷ್ಟು ದಿನ ಅವರಿಗೆ ನಾನು ವಿಮಾನದಲ್ಲಿ ಬಂದವಳು, ಆ ಕ್ಷಣಕ್ಕೆ ಅಡುಗೆ ಬಲ್ಲ ಹೆಂಗಸು.

ಸಸ್ಯಾಹಾರಿಗಳೇ, ಇಲ್ಲಿ ಜಾಣತನ ಬೇಕು. ಅತಿಥಿ ಬಂದರೆ ಕೋಳಿ ಕೊಯ್ಯುವುದು ಅಲ್ಲಿನ ಮರ್ಯಾದೆ. ಕೊಯ್ದು ಬಡಿಸಿದ ಮೇಲೆ ‘ನಾವು ತಿನ್ನಲ್ಲ’ ಅಂದರೆ ಕೋಳಿಯೂ ಹೋಯಿತು, ಅವರ ಮರ್ಯಾದೆಯೂ ಹೋಯಿತು. ಹೋಗುವ ಮೊದಲೇ ಸಂಸ್ಥೆಯವರ ಮೂಲಕ ತಿಳಿಸಿ. ‘ನಮ್ಮ ಮನೆತನದಲ್ಲಿ ಮಾಂಸ ತಿನ್ನುವ ಪದ್ಧತಿ ಇಲ್ಲ’ ಅಂದರೆ ಸಾಕು, ಕುಲಕ್ಕೊಂದು ಕಟ್ಟಳೆ ಇರುವ ಅವರಿಗೆ ಅದು ಕೂಡಲೇ ಅರ್ಥವಾಗುತ್ತದೆ. ರಾಗಿಯಿಂದ ಮಾಡಿದ ‘ಅಜೊನ್’ ಎಂಬ ಕಳ್ಳನ್ನು ಒಂದು ಗಡಿಗೆಯಲ್ಲಿಟ್ಟು, ಸುತ್ತ ಕುಳಿತು, ಉದ್ದನೆಯ ಕೊಳವೆಗಳಿಂದ ಹೀರುತ್ತಾರೆ. ಬೇಡವಾದರೆ ನಗುತ್ತಾ ಬೇಡ ಅನ್ನಿ. ಎದ್ದು ಹೋಗಬೇಡಿ, ಊರಿನ ಅರ್ಧ ಮಾತುಕತೆ ನಡೆಯುವುದು ಅಲ್ಲೇ.

ನಾನು ಮಾಡಿದ ತಪ್ಪು

ಬಂದು ಮೂರು ವಾರ ಆಗಿತ್ತು. ಮನೆಯೊಡತಿಯ ಮೊಮ್ಮಗನಿಗೆ ಮೂರೂವರೆ ವರ್ಷ. ಒಂದು ಸಂಜೆ ಮಗುವಿನ ಮೈ ಕಾದಿತ್ತು. ಎರಡು ಮಕ್ಕಳನ್ನು ಸಾಕಿದವಳು ನಾನು, ನನಗೆ ಗೊತ್ತಿಲ್ವಾ? ನನ್ನ ಡಬ್ಬಿಯಿಂದ ಪ್ಯಾರಸಿಟಮಾಲ್ ಸಿರಪ್ ತೆಗೆದು ಕೊಟ್ಟೆ. ಗಂಟೆಯೊಳಗೆ ಜ್ವರ ಇಳಿಯಿತು. ಮಗು ಎದ್ದು ಆಡಿತು. ಮನೆಯೊಡತಿ ಕೈಮುಗಿದಳು. ‘ಇಲ್ಲಿ ನನಗೂ ಒಂದು ಕೆಲಸ ಇದೆ’ ಅಂತ ಆ ರಾತ್ರಿ ನಮ್ಮವರ ಹತ್ತಿರ ಹೆಮ್ಮೆಯಿಂದ ಹೇಳಿಕೊಂಡೆ. ಮರುದಿನ ಮತ್ತೆ ಜ್ವರ. ಮತ್ತೆ ಸಿರಪ್. ಮತ್ತೆ ಇಳಿಯಿತು.

ಮೂರನೆಯ ದಿನ ಬೆಳಗ್ಗೆ ಮಗು ಏಳಲಿಲ್ಲ. ನೀರು ಕುಡಿಸಿದರೆ ಹೊರಗೆ ಬರುತ್ತಿತ್ತು. ಕತ್ತು ನಿಲ್ಲುತ್ತಿರಲಿಲ್ಲ.

ಮನೆಯೊಡತಿ ಮಗುವನ್ನು ಎತ್ತಿಕೊಂಡು ಓಡಿದ್ದು ನಾಲ್ಕು ಮನೆ ಆಚೆಗಿನ ಹೆಂಗಸಿನ ಬಳಿಗೆ. ಆಕೆಯನ್ನು ನಾನು ದಿನಾ ಕೈಪಂಪಿನ ಬಳಿ ನೋಡುತ್ತಿದ್ದೆ, ‘ಯೋಗಾ’ ಅನ್ನುತ್ತಿದ್ದೆ. ಆಕೆ ಊರಿನ ಆರೋಗ್ಯ ತಂಡದವಳು ಎಂದು ಆವತ್ತು ತಿಳಿಯಿತು. ನಮ್ಮಲ್ಲಿ ಆಶಾ ಕಾರ್ಯಕರ್ತೆ ಇರುವ ಹಾಗೆ ಉಗಾಂಡದ ಹಳ್ಳಿಗಳಲ್ಲಿ 2001ರಿಂದ ಈ ತಂಡಗಳಿವೆ. ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಮಲೇರಿಯಾ ಪರೀಕ್ಷೆ ಮಾಡುವ ಪಟ್ಟಿ ಆಕೆಯ ಹತ್ತಿರ ಇತ್ತು. ಹದಿನೈದು ಇಪ್ಪತ್ತು ನಿಮಿಷಕ್ಕೆ ಉತ್ತರ. ಔಷಧಿಯೂ ಇತ್ತು. ಆದರೆ ಮಗುವಿನ ಸ್ಥಿತಿ ನೋಡಿ ಆಕೆ ಅಲ್ಲಿ ತಡಮಾಡಲಿಲ್ಲ. ಚೀಟಿ ಬರೆದು, ಬಾಡಿಗೆ ಮೋಟರ್‌ಸೈಕಲ್ ಕರೆಸಿ, ಆರೋಗ್ಯ ಕೇಂದ್ರಕ್ಕೆ ಕಳಿಸಿದಳು. ಇಂಜೆಕ್ಷನ್ ಕೊಟ್ಟರು. ಎರಡು ರಾತ್ರಿ ನಾವು ಯಾರೂ ಮಲಗಲಿಲ್ಲ. ಮೂರನೆಯ ದಿನ ಮಗು ಕಣ್ಣು ಬಿಟ್ಟು ಅಜ್ಜಿಯನ್ನು ಕರೆಯಿತು.

ಚಿಕ್ಕ ಮಕ್ಕಳಲ್ಲಿ ಅಲ್ಲಿನ ಮಲೇರಿಯಾ ಒಂದೇ ದಿನದಲ್ಲಿ ವಿಪರೀತಕ್ಕೆ ಹೋಗಬಲ್ಲದು. ಜ್ವರ ಬಂದ 24 ಗಂಟೆಯೊಳಗೆ ಪರೀಕ್ಷೆ, ಔಷಧಿ ಆಗಬೇಕು ಎನ್ನುವುದು ಅದಕ್ಕೇ. ಅಲ್ಲಿನ ಪ್ರತಿ ತಾಯಿಗೂ ಅದು ಗೊತ್ತು. ಹಾಗಿದ್ದರೂ ಮನೆಯೊಡತಿ ಯಾಕೆ ಹೋಗಲಿಲ್ಲ? ಆರೋಗ್ಯ ತಂಡದ ಹೆಂಗಸು ನನಗೆ ಮೆತ್ತಗೆ ಹೇಳಿದಳು: ‘ನೀವು ಅಷ್ಟು ಧೈರ್ಯವಾಗಿ ಔಷಧಿ ಕೊಟ್ಟಿರಿ. ನಿಮಗೆ ಗೊತ್ತಿರುತ್ತೆ ಅಂದುಕೊಂಡು ಅವಳು ನನ್ನ ಹತ್ತಿರ ಬರಲಿಲ್ಲ. ನೀವು ಜ್ವರ ಇಳಿಸಿದಿರಿ, ಕಾಯಿಲೆಯನ್ನು ಬಚ್ಚಿಟ್ಟಿರಿ.’

ಬೈದಿದ್ದರೆ ವಾಸಿ ಇತ್ತು. ನನ್ನ ಒಳ್ಳೆಯತನವೇ ಆ ಮಗುವಿಗೆ ಅಡ್ಡ ಬಂದಿತ್ತು. ಮೂರು ವಾರದಲ್ಲಿ ನಾನು ಊರಿನ ಬಗ್ಗೆ ನೂರು ವಿಷಯ ಕೇಳಿದ್ದೆ. ‘ಇಲ್ಲಿ ಕಾಯಿಲೆ ಬಂದರೆ ಯಾರ ಹತ್ತಿರ ಹೋಗ್ತೀರಿ?’ ಅನ್ನುವುದೊಂದನ್ನು ಕೇಳಿರಲಿಲ್ಲ. ಅದಕ್ಕೇ ಹೇಳುತ್ತೇನೆ, ನಿಮ್ಮ ಔಷಧಿ ಡಬ್ಬಿ ನಿಮ್ಮಿಬ್ಬರಿಗೆ ಮಾತ್ರ. ಬೇರೆಯವರಿಗೆ ಜ್ವರ ಬಂದರೆ ಊರಿನ ಆರೋಗ್ಯ ತಂಡದವರ ಬಾಗಿಲಿಗೆ ಜತೆಯಲ್ಲಿ ನಡೆದು ಹೋಗಿ, ಅದೇ ದೊಡ್ಡ ಸಹಾಯ.

ಕೊಡುವ ಮುನ್ನ ಕೇಳಿ

ಆ ಘಟನೆಯ ನಂತರ ನಾನು ಮಾಡುತ್ತಿದ್ದ ಇನ್ನೊಂದು ‘ಸೇವೆ’ಯನ್ನೂ ತಿರುಗಿ ನೋಡಿದೆ. ಶಾಲೆಯ ಮಕ್ಕಳಿಗೆ ಯೂನಿಫಾರಂ ಉಚಿತವಾಗಿ ಹೊಲಿದುಕೊಡಲು ಶುರು ಮಾಡಿದ್ದೆ. ಪೇಟೆಯ ಜಗುಲಿಯಲ್ಲಿ ಕಾಲುಮಷೀನು ಇಟ್ಟುಕೊಂಡ ದರ್ಜಿಯೊಬ್ಬರು ಇದ್ದರು. ವರ್ಷದ ಅವರ ಸಂಪಾದನೆಗೆ ಆ ಯೂನಿಫಾರಂಗಳೇ ಆಧಾರ. ನಾನು ಪುಕ್ಕಟೆ ಕೊಟ್ಟರೆ ಅವರ ಮಕ್ಕಳ ಫೀಸು ಕಟ್ಟುವವರು ಯಾರು? ಮರುದಿನವೇ ನಿಲ್ಲಿಸಿದೆ. ಹೋಗಿ ಕ್ಷಮೆ ಕೇಳಿದೆ. ಗೊಮೆಸಿಯ ಭುಜ ಕತ್ತರಿಸುವುದನ್ನು ಅವರಿಂದಲೇ ದುಡ್ಡು ಕೊಟ್ಟು ಕಲಿತೆ. ಕಲಿಯಲು ಬಂದ ನಾಲ್ಕು ಹುಡುಗಿಯರೂ ಅಲ್ಲೇ ಜತೆಯಾದರು. ಆರು ತಿಂಗಳಲ್ಲಿ ನಾನು ಮಾಡಿದ ಕೆಲಸಗಳಲ್ಲಿ ನೆಟ್ಟಗೆ ನಿಂತದ್ದು ಅದೊಂದೇ. ನಾನಿಲ್ಲದೆಯೂ ಅದು ನಡೆಯುತ್ತದೆ.

ಮಕ್ಕಳಿಗೆ ಬಿಸ್ಕತ್ತು, ಚಾಕಲೇಟು ಹಂಚುವ ಆಸೆ ಎಲ್ಲರಿಗೂ ಇರುತ್ತದೆ. ಇವತ್ತು ಐದು ಮಕ್ಕಳಿಗೆ ಕೊಟ್ಟರೆ ನಾಳೆ ಐವತ್ತು ಬರುತ್ತವೆ, ಶಾಲೆ ಬಿಟ್ಟು ಬರುತ್ತವೆ. ಕೊಡಲೇಬೇಕೆಂದರೆ ಶಾಲೆಯ ಮುಖ್ಯೋಪಾಧ್ಯಾಯರನ್ನು ಕೇಳಿ ಶಾಲೆಗೆ ಕೊಡಿ. ಫೋಟೊ ತೆಗೆಯುವ ಮುನ್ನ ತಾಯಿಯನ್ನು ಕೇಳಿ. ‘ನಿನ್ನ ಮಗನನ್ನು ನಾನು ಓದಿಸ್ತೀನಿ’ ಅನ್ನುವಂಥ ಮಾತು ಭಾವುಕತೆಯಲ್ಲಿ ಬಾಯಿಂದ ಜಾರದಿರಲಿ. ಹೇಳಿದ ನೀವು ಮರೆಯುತ್ತೀರಿ, ಕೇಳಿದ ತಾಯಿ ಮರೆಯುವುದಿಲ್ಲ.

ಊರಿನಲ್ಲಿ ಸಾವಾದರೆ ಎಷ್ಟೇ ಕೆಲಸವಿದ್ದರೂ ಹೋಗಿ. ಮಣ್ಣಿಗೆ ಇಡೀ ಊರು ಸೇರುತ್ತದೆ, ಎಲ್ಲರೂ ಕೈಲಾದಷ್ಟು ಹಣವೋ ಧಾನ್ಯವೋ ಕೊಡುತ್ತಾರೆ. ಎಷ್ಟು ಕೊಡಬೇಕೆಂದು ನೆರೆಯವರನ್ನು ಕೇಳಿ ಅಷ್ಟೇ ಕೊಡಿ. ಎಲ್ಲರಿಗಿಂತ ಹೆಚ್ಚು ಕೊಟ್ಟು ದೊಡ್ಡವರಾಗಬೇಡಿ. ಹೆಂಗಸರ ನಡುವೆ ಚಾಪೆಯ ಮೇಲೆ ಸುಮ್ಮನೆ ಕುಳಿತು ಬಂದರೆ ಸಾಕು.

ಒಂದೇ ಗುಡಿಸಲಲ್ಲಿ ಗಂಡ, ಹೆಂಡತಿ

ಇದನ್ನು ಯಾವ ಸಂಸ್ಥೆಯವರೂ ಹೇಳಿಕೊಡುವುದಿಲ್ಲ. ಮೂವತ್ತು ವರ್ಷ ಸಂಸಾರ ಮಾಡಿದ್ದರೂ ದಿನವಿಡೀ ಒಂದೇ ಕೋಣೆಯಲ್ಲಿ, ಟೀವಿ ಇಲ್ಲದೆ, ನೆಂಟರಿಲ್ಲದೆ ಇದ್ದ ಅಭ್ಯಾಸ ನಮಗಿರುವುದಿಲ್ಲ. ನಮ್ಮವರು ಶಾಲೆಯಿಂದ ‘ಇವತ್ತು ಮಕ್ಕಳು ಎಷ್ಟು ಚೆನ್ನಾಗಿ ಕಲಿತರು’ ಅಂತ ಖುಷಿಯಾಗಿ ಬರುತ್ತಿದ್ದರು. ನಾನು ಬೆಳಗ್ಗಿಂದ ಹೊಗೆಯಲ್ಲಿ ಕಣ್ಣುಜ್ಜಿಕೊಂಡು ಕುಳಿತಿರುತ್ತಿದ್ದೆ. ‘ನಿಮಗೇನು, ನಿಮ್ಮ ಕೆಲಸ ನಿಮಗೆ’ ಅಂತ ಸಿಡುಕಿ ಮಲಗಿದ ರಾತ್ರಿಗಳಿವೆ.

ಎರಡನೇ ತಿಂಗಳಲ್ಲಿ ಒಂದು ಒಪ್ಪಂದಕ್ಕೆ ಬಂದೆವು. ವಾರಕ್ಕೆ ಮೂರು ದಿನ ನೀರು ತರುವುದು, ಒಲೆ ಹಚ್ಚುವುದು ಅವರದು. ಗಂಡಸು ಕ್ಯಾನ್ ಹಿಡಿದು ಹೊರಟಿದ್ದಕ್ಕೆ ಊರು ನಕ್ಕಿತು, ಅವರೂ ನಕ್ಕರು. ಆ ಮೂರು ದಿನ ಮಧ್ಯಾಹ್ನ ನನ್ನದು. ಸಂಜೆ ಒಂದು ಗಂಟೆ ಇಬ್ಬರೂ ಬೇರೆ ಬೇರೆ ದಾರಿಯಲ್ಲಿ ವಾಕಿಂಗ್. ಮಕ್ಕಳಿಗೆ ಫೋನು ವಾರಕ್ಕೆ ಎರಡೇ ಬಾರಿ. ದಿನಾ ಮಾಡಿದರೆ ಮನಸ್ಸು ಇಲ್ಲೇ ಇರುತ್ತದೆ, ಅಲ್ಲಿ ನಿಲ್ಲುವುದಿಲ್ಲ. ಮೊದಲ ಆರು ವಾರ ಅಳು ಬರುವುದು ಸಹಜ. ವಾಪಸು ಹೋಗುವ ತೀರ್ಮಾನವನ್ನು ಆಗ ಮಾಡಬೇಡಿ. ಆದರೆ ಆರೋಗ್ಯ ಕೆಟ್ಟರೆ ಹಟ ಹಿಡಿದು ಕೂರಲೂಬೇಡಿ.

ಹೊರಟು ಬರುವಾಗ

ಸೊಸೆಯ ಹೋಲಿಕೆ ಇಲ್ಲಿಗೆ ಮುಗಿಯುತ್ತದೆ. ಸೊಸೆ ಒಂದು ದಿನ ಆ ಮನೆಯ ಯಜಮಾನಿ ಆಗುತ್ತಾಳೆ. ನಾವು ಆಗುವುದಿಲ್ಲ, ಆಗಬಾರದು. ಆರು ತಿಂಗಳಿಗೆ ಬಂದವರು ಆರು ತಿಂಗಳಿಗೆ ಹೊರಡುತ್ತೇವೆ, ಊರು ಅಲ್ಲೇ ಇರುತ್ತದೆ.

ಹೊರಡುವ ತಿಂಗಳ ಮೊದಲೇ ಎಲ್ಲರಿಗೂ ತಾರೀಖು ಹೇಳಿ. ಬಿಟ್ಟುಬರುವ ಪಾತ್ರೆ, ಸೊಳ್ಳೆಪರದೆ, ಸೌರ ದೀಪ ಯಾರಿಗೆ ಹೋಗಬೇಕು ಎಂದು ಮನೆಯೊಡತಿಯನ್ನೇ ಕೇಳಿ. ಅವಳ ಊರು, ಅವಳಿಗೆ ಗೊತ್ತು. ಚೇರ್ಮನ್‌ಗೆ ಹೇಳಿಯೇ ಹೊರಡಿ. ಮನೆಗೆ ಬಂದ ಮೇಲೆ ತಿಂಗಳುಗಳ ನಂತರ ಜ್ವರ ಬಂದರೂ ‘ಆಫ್ರಿಕಾಗೆ ಹೋಗಿದ್ದೆ’ ಎಂದು ವೈದ್ಯರಿಗೆ ಹೇಳಿ, ರಕ್ತ ಪರೀಕ್ಷೆ ಮಾಡಿಸಿ.

ನಾವು ಹೊರಟ ದಿನ ಆ ಮೊಮ್ಮಗ ಅಜ್ಜಿಯ ಸೆರಗು ಹಿಡಿದು ನಿಂತಿದ್ದ. ಮನೆಯೊಡತಿ ನನ್ನ ಕೈಗೆ ಒಂದು ಗಂಟು ಕೊಟ್ಟಳು. ಒಳಗೆ ‘ಅಮುಕೆಕೆ’, ಹೆಚ್ಚಿ ಬಿಸಿಲಿಗೆ ಒಣಗಿಸಿದ ಸಿಹಿಗೆಣಸು, ಬರಗಾಲಕ್ಕೆಂದು ಕೂಡಿಡುವ ಪದಾರ್ಥ. ‘ನಿಮಗೇ ಇರಲಿ’ ಅನ್ನಲು ಬಾಯಿ ತೆರೆದೆ. ಮುಚ್ಚಿಕೊಂಡೆ. ಎರಡೂ ಕೈಯಲ್ಲಿ ತೆಗೆದುಕೊಂಡು ‘ಎಯಲಾಮ’ ಅಂದೆ. ಆರು ತಿಂಗಳಲ್ಲಿ ನಾನು ಕಲಿತದ್ದು ಅಷ್ಟು.

‘ನೀವು ಹೋಗಿ ಏನ್ರೀ ಮಾಡ್ತೀರಿ?’ ಅಂತ ನಿಮ್ಮನ್ನೂ ಯಾರಾದರೂ ಕೇಳಿದರೆ ಹೇಳಿ: ಮೊದಲು ಕಲೀತೀನಿ!

ನೆನಪಿರಲಿ

* ಹಳದಿ ಜ್ವರದ ಲಸಿಕೆ ಕನಿಷ್ಠ ಹತ್ತು ದಿನ ಮುಂಚೆ, ಮಲೇರಿಯಾ ಮಾತ್ರೆ ವೈದ್ಯರು ಹೇಳಿದಂತೆ.
* ಇಬ್ಬರ ಕೆಲಸವೂ ಬರಹದಲ್ಲಿರಲಿ. ‘ಜತೆಗೆ ಬರುವವರು’ ಎಂಬುದು ಕೆಲಸವಲ್ಲ.
* ಮೊದಲ ಭೇಟಿ ಊರ ಅಧ್ಯಕ್ಷರಿಗೆ, ಎರಡನೆಯದು ಆರೋಗ್ಯ ತಂಡದವರಿಗೆ.
* ಮೊದಲ ತಿಂಗಳು ಕೊಡುವುದಕ್ಕಿಂತ ಕೇಳುವುದು ಹೆಚ್ಚಿರಲಿ.
* ಊರಿನವರು ದುಡ್ಡಿಗೆ ಮಾಡುವ ಕೆಲಸವನ್ನು ನೀವು ಪುಕ್ಕಟೆ ಮಾಡಬೇಡಿ.
* ನಿಮ್ಮ ಔಷಧಿ ಡಬ್ಬಿ ನಿಮಗೆ ಮಾತ್ರ.
* ಈಡೇರಿಸಲಾಗದ ಮಾತು ಕೊಡಬೇಡಿ.